ಮೊದಲು ದೀಪ ಇಳಿಸು

ಪೆಟ್ಟಿಗೆ ಬಂದದ್ದು 2025ರ ಮೇ ತಿಂಗಳ ಎರಡನೇ ವಾರ. ಆ ತಿಂಗಳ 7ರಂದು ಹಲಸೂರಿನಲ್ಲಿ ಸಿವಿಲ್ ಡಿಫೆನ್ಸ್‌ನವರು ಸೈರನ್ ಮೊಳಗಿಸಿ ಅಣಕು ಕವಾಯತು ನಡೆಸಿದ್ದರು. ಆಮೇಲೆ ಮಹದೇವಪುರದ ನಮ್ಮ ಬೀದಿಯಲ್ಲೂ ಎಲ್ಲರ ಫೋನಿಗೆ ಒಂದೇ ಪಟ್ಟಿ ಬರತೊಡಗಿತು: ಮೂರು ದಿನಕ್ಕಾಗುವಷ್ಟು ನೀರಿರಲಿ, ಒಣ ತಿಂಡಿ ಇರಲಿ, ಔಷಧಿ, ಟಾರ್ಚು, ಒಂದಷ್ಟು ನಗದು ಇರಲಿ. ಪಟ್ಟಿ ಹಿಡಿದು ಸಾಮಾನು ಹೊಂದಿಸುವ ತಾಪತ್ರಯ ಯಾಕೆಂದು ಮಗ ಎಲ್ಲವನ್ನೂ ತುಂಬಿಟ್ಟ ಚೀಲವನ್ನೇ ತರಿಸಿದ್ದ. ಕೆಂಪು ಚೀಲ. ಒಳಗೆ ಸೀಟಿ, ಬ್ಯಾಂಡೇಜು, ನೀರು ಶುದ್ಧ ಮಾಡುವ ಮಾತ್ರೆ, ಚಾಕಲೇಟ್ ಕಾಗದದ ಹಾಗೆ ಮಿರುಗುವ ಒಂದು ಹೊದಿಕೆ, ಒಂದು ಟಾರ್ಚು.

ಟಾರ್ಚಿನ ಗುಂಡಿ ಒತ್ತಿದೆ. ಹತ್ತಲಿಲ್ಲ. ಸೆಲ್ ನಾವೇ ಹಾಕಿಕೊಳ್ಳಬೇಕಂತೆ.

"ಹತ್ತು ನಿಮಿಷದಲ್ಲಿ ಬರ್ತವೆ ಬಿಡಪ್ಪ," ಎಂದು ಮಗ ಫೋನು ತೆಗೆದ. ಏನೂ ಬಾರದ ದಿನಕ್ಕೆಂದು ತಂದ ಟಾರ್ಚಿಗೆ ಹತ್ತು ನಿಮಿಷದಲ್ಲಿ ಸೆಲ್ ಬರುತ್ತದೆಂಬ ಭರವಸೆ. ನಗು ಬಂತು. ಹಿಂದೆಯೇ ಅಜ್ಜಿಯ ಲಾಟೀನು ನೆನಪಾಯಿತು.

ಅಜ್ಜಿ ದಿನಾ ಸಂಜೆ ದನ ಬರುವ ಹೊತ್ತಿಗೆ ಲಾಟೀನಿನ ಗಾಜು ತೆಗೆದು, ಒಲೆಯ ಬೂದಿ ಹಚ್ಚಿ ತಿಕ್ಕಿ, ಹಳೇ ಸೀರೆಯ ತುಂಡಿನಿಂದ ಒರೆಸುತ್ತಿದ್ದಳು. ಬತ್ತಿಯ ಕರಕಲು ತುದಿಯನ್ನು ಉಗುರಿನಲ್ಲೇ ಚಿವುಟಿ, ಬುರುಡೆ ಅಲ್ಲಾಡಿಸಿ, ಸೀಮೆಎಣ್ಣೆಯ ಸದ್ದು ಕೇಳಿಸಿಕೊಳ್ಳುತ್ತಿದ್ದಳು. ಮನೆಗೆ ಕರೆಂಟು ಬಂದ ಮೇಲೂ ಇದು ನಿಲ್ಲಲಿಲ್ಲ. "ಲೈಟು ಐತಲ್ಲಜ್ಜಿ" ಅಂದರೆ, "ಐತೆ ಕಣಪ್ಪ, ಇರೋ ತನಕ ಐತೆ" ಅನ್ನುತ್ತಿದ್ದಳು.

ನಾನು ಹುಟ್ಟಿದ್ದು 1961ರಲ್ಲಿ. ಮಹದೇವಪುರ ಆಗ ಹಳ್ಳಿ. ಹೂಡಿ, ಗರುಡಾಚಾರ್‌ಪಾಳ್ಯ, ದೊಡ್ಡನೆಕ್ಕುಂದಿ ಎಲ್ಲವೂ ರಾಗಿ ಹೊಲ, ಕೆರೆ, ಅಲ್ಲಲ್ಲಿ ದ್ರಾಕ್ಷಿ ಚಪ್ಪರ. ಅಪ್ಪ ಸೈಕಲ್ ತುಳಿದು ದೂರವಾಣಿನಗರದ ಕಾರ್ಖಾನೆಗೆ ಹೋಗುತ್ತಿದ್ದ. ತಿಂಗಳ ಸಂಬಳ ಬರುತ್ತಿದ್ದರೂ ಮನೆ ನಡೆಯುತ್ತಿದ್ದದ್ದು ಅಜ್ಜಿಯ ದಾಸ್ತಾನಿನ ಮೇಲೆ. ಅಟ್ಟದ ಮೇಲೆ ಬೂದಿ ಬೆರೆಸಿದ ಬಿತ್ತನೆ ಬೀಜದ ಗಡಿಗೆಗಳು, ಹರಳೆಣ್ಣೆ ಸವರಿದ ತೊಗರಿ, ಉಪ್ಪು ಬೆರೆಸಿ ಉಂಡೆ ಕಟ್ಟಿದ ಹುಣಸೆಹಣ್ಣು, ಹುರುಳಿ, ಒಣಗಿಸಿದ ಅವರೆ. ರಾತ್ರಿ ಒಲೆಯ ಕೆಂಡ ಬೂದಿಯೊಳಗೆ ಮಲಗಿರುತ್ತಿತ್ತು, ಬೆಳಗ್ಗೆ ಊದಿದರೆ ಎದ್ದುಕೊಳ್ಳುತ್ತಿತ್ತು. ಇವೆಲ್ಲಕ್ಕೂ ದೊಡ್ಡದು ಅಂಗಳದ ಕೆಳಗಿತ್ತು. ಅದು ಹಗೇವು.

ಹಗೇವು ನೋಡಿರದವರಿಗೆ ಹೇಳಬೇಕು. ಗಟ್ಟಿ ನೆಲದಲ್ಲಿ ಒಬ್ಬ ಮನುಷ್ಯ ಮೈ ಹಿಡಿದು ಇಳಿಯುವಷ್ಟು ಕಿರಿದಾದ ಬಾಯಿ, ಕೆಳಗೆ ಹೂಜಿಯ ಹಾಗೆ ಅಗಲವಾದ ಹೊಟ್ಟೆ. ಸುತ್ತ ರಾಗಿ ಹುಲ್ಲು ಒತ್ತಿ, ನಡುವೆ ರಾಗಿ ಸುರಿದು, ಬಾಯಿಗೆ ಕಲ್ಲು ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ಮುಗಿಯಿತು. ಮೇಲೆ ದನ ಕಟ್ಟಬಹುದು, ಮಕ್ಕಳು ಕುಂಟೆಬಿಲ್ಲೆ ಆಡಬಹುದು. ಒಳಗಿನ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಕೂತಿರುತ್ತದೆ.

ಹಗೇವು ಇಷ್ಟು ಆಳವಾಗಿ ನಮ್ಮ ಜನರ ಮನಸ್ಸಿಗೆ ಇಳಿದದ್ದಕ್ಕೆ ಕಾರಣವಿತ್ತು. 1876ರಲ್ಲಿ ಧಾತು ಸಂವತ್ಸರ, ಮರುವರ್ಷ ಈಶ್ವರ. ಆ ಬರಗಾಲಕ್ಕೆ ಮುಂಚೆ, 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ಐವತ್ತು ಲಕ್ಷ ದಾಟಿದ್ದರು. 1881ರಲ್ಲಿ ಎಣಿಸಿದಾಗ ಉಳಿದವರು ನಲವತ್ತೆರಡು ಲಕ್ಷದೊಳಗೆ. ಅಜ್ಜಿಗೆ ಈ ಅಂಕಿ ಗೊತ್ತಿರಲಿಲ್ಲ. ಅವಳ ಅಜ್ಜಿ ಕಂಡದ್ದು ಅವಳಿಗೆ ಗೊತ್ತಿತ್ತು. ಊಟದ ತಟ್ಟೆಯಲ್ಲಿ ಮುದ್ದೆಯ ಚೂರು ಬಿಟ್ಟರೆ, "ಧಾತು ಬರದಾಗೆ ಹುಟ್ಟಬೇಕಾಗಿತ್ತು ನೀನು" ಎಂಬ ಒಂದೇ ಬೈಗುಳ.

ನಾನು ಐದನೇ ತರಗತಿಯಲ್ಲಿದ್ದಾಗ ಒಂದು ವರ್ಷ ಮುಂಗಾರು ಕೈಕೊಟ್ಟಿತು. ಹಗೇವು ತೆಗೆಯುವುದೆಂದಾಯಿತು. ಮಣ್ಣು ಕೆರೆದು ಚಪ್ಪಡಿ ಸರಿಸಿದಾಗ ಬಿಸಿಬಿಸಿ ಹುಳಿ ವಾಸನೆಯೊಂದು ಮೇಲೆ ಬಂತು. ಬಗ್ಗಿ ನೋಡಲು ಹೋದ ನನ್ನ ಜುಟ್ಟು ಹಿಡಿದು ಅಜ್ಜಿ ಹಿಂದಕ್ಕೆಳೆದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಬಾಯಿ ತೆರೆದೇ ಬಿಟ್ಟರು. ಹೊಂಗೆ ಸೊಪ್ಪಿನ ಕಟ್ಟನ್ನು ಹಗ್ಗಕ್ಕೆ ಬಿಗಿದು ಬಾವಿಯಲ್ಲಿ ಬಿಂದಿಗೆ ಆಡಿಸುವಂತೆ ಮೇಲೆ ಕೆಳಗೆ ಆಡಿಸಿದರು. ಆಮೇಲೆ ಲಾಟೀನು ಬಂತು. ಹಗ್ಗದ ತುದಿಯಲ್ಲಿ ಅದು ನಿಧಾನವಾಗಿ ಇಳಿಯಿತು. ಅರ್ಧಕ್ಕೆ ಹೋಗುತ್ತಿದ್ದಂತೆ ಬೆಳಕು ಸಣ್ಣಗಾಯಿತು, ನೀಲಿಗೆ ತಿರುಗಿತು, ಪಕ್ಕನೆ ಆರಿತು. ಮೇಲೆಳೆದು ನೋಡಿದರೆ ಎಣ್ಣೆ ಇತ್ತು, ಬತ್ತಿ ಇತ್ತು.

"ರಾಗಿ ಉಸ್ರಾಡ್ತದೆ ಕಣ್ಲಾ. ನಮ್ಮ ಉಸ್ರನ್ನೂ ತಗೊಂಡ್ಬಿಡ್ತದೆ," ಎಂದಳು ಅಜ್ಜಿ. "ಯಾವತ್ತಾದ್ರೂ ಸರಿಯೇ, ಮೊದಲು ದೀಪ ಇಳಿಸು. ಆಮೇಲೆ ಮನುಷ್ಯ."

ಹೈಸ್ಕೂಲಿಗೆ ಬಂದ ಮೇಲೆ ಮೇಷ್ಟ್ರು ಇಂಗಾಲದ ಡೈ ಆಕ್ಸೈಡಿನ ಪಾಠ ಮಾಡುವಾಗ ಮೈ ಜುಂ ಎಂದಿತು. ಮುಚ್ಚಿಟ್ಟ ಕಾಳು ಉಸಿರಾಡಿ ಬಿಟ್ಟ ಗಾಳಿ, ಮಾಮೂಲಿ ಗಾಳಿಗಿಂತ ಭಾರ, ತಳದಲ್ಲಿ ಕೂತುಬಿಡುತ್ತದೆ. ಒಳಗೆ ಹುಳು ಬದುಕಲಾಗದ್ದು ಅದರಿಂದಲೇ. ರಾಗಿಯನ್ನು ಕಾಯುವುದೂ ಅದೇ, ದುಡುಕಿ ಇಳಿದವನನ್ನು ಕೊಲ್ಲುವುದೂ ಅದೇ.

ಬಹಳ ವರ್ಷ ನಾನು ಈ ಕತೆಯನ್ನು ಇಷ್ಟಕ್ಕೇ ನಿಲ್ಲಿಸುತ್ತಿದ್ದೆ. ಮದುವೆ ಮನೆಗಳಲ್ಲಿ, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹೇಳಿ ಎಲ್ಲರ ಕೈಲಿ ಭೇಷ್ ಎನ್ನಿಸಿಕೊಂಡಿದ್ದೇನೆ. ಆ ಕಾಲವೇ ಕಾಲ, ಯಾರ ಹಂಗೂ ಇಲ್ಲದೆ ಬದುಕುತ್ತಿದ್ದರು ಎಂದು ಎಲ್ಲರೂ ತಲೆಯಾಡಿಸುತ್ತಿದ್ದರು. ಒಮ್ಮೆ ಹೀಗೆ ಮನೆಯಲ್ಲೇ ಹೇಳುತ್ತಿದ್ದಾಗ ಅಮ್ಮ ಅಡುಗೆ ಮನೆಯಿಂದಲೇ ಕೇಳಿದಳು: "ಹಗೇವಿನ ರಾಗಿ ತಾನಾಗೇ ಹಿಟ್ಟಾಗ್ತಿತ್ತೇನೋ?"

ನಿಜ. ನಾಲ್ಕು ಗಂಟೆಗೆ ಎದ್ದು ಬೀಸುಕಲ್ಲಿನ ಮುಂದೆ ಕೂರುತ್ತಿದ್ದವಳು ಅವಳು. ಬಾವಿಯಿಂದ ದಿನಕ್ಕೆ ಮೂವತ್ತು ಬಿಂದಿಗೆ ಸೇದುತ್ತಿದ್ದವಳು ಅವಳು. ಅಜ್ಜಿಯ ಶಿಸ್ತಿನ ಅಡಿಯಲ್ಲಿ ಅಮ್ಮನ ಹೆಗಲು ಇತ್ತು. ಹಿಟ್ಟಿನ ಗಿರಣಿ ಬಂದ ದಿನ ಬೀಸುಕಲ್ಲಿನ ಗೂಟ ಕಿತ್ತು ಒಲೆಗೆ ಹಾಕಿದ್ದೆ ಎಂದು ಅಮ್ಮ ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದಳು. ಆ ಹಳೇ ಬದುಕು ಮಾಯವಾದದ್ದಕ್ಕೆ ನಾವೆಲ್ಲ ನಗರವನ್ನು ದೂರುತ್ತೇವೆ. ಅಮ್ಮನಂಥವರು ಅದು ಹೋಗಲೆಂದು ಹರಕೆ ಹೊತ್ತಿದ್ದರು.

ಅಮ್ಮನ ಪ್ರಶ್ನೆ ಇನ್ನೊಂದು ನೆನಪನ್ನೂ ಎಬ್ಬಿಸಿತು. ಹಗೇವು ತೆಗೆದ ಆ ವರ್ಷ ಅಂಗಳದಲ್ಲಿ ಸಾಲು ನಿಂತಿತ್ತು. ಅಜ್ಜಿ ಕೊಳಗದಲ್ಲಿ ರಾಗಿ ಅಳೆದು ಕೊಡುತ್ತಿದ್ದಳು. ಒಂದು ಪಲ್ಲಕ್ಕೆ ಸುಗ್ಗಿಯಲ್ಲಿ ಒಂದೂವರೆ ಪಲ್ಲ. ಕೊಡಲಾಗದವರು ನಮ್ಮ ಹೊಲದಲ್ಲಿ ಕೂಲಿ ಮಾಡಿ ತೀರಿಸಬೇಕು. ಅದು ದಾನವೆಂದೇ ನಾನು ತಿಳಿದಿದ್ದೆ. ನಮ್ಮ ಬಾವಿಯ ಕಟ್ಟೆಯಿಂದ ಹತ್ತು ಮಾರು ದೂರದಲ್ಲಿ ಕೇರಿಯ ಹೆಂಗಸರು ಖಾಲಿ ಕೊಡ ಇಟ್ಟುಕೊಂಡು ಕೂತಿರುತ್ತಿದ್ದರು. ನಮ್ಮವರು ಯಾರಾದರೂ ಸೇದಿ ಮೇಲಿನಿಂದ ಸುರಿಯಬೇಕು. ಅಮ್ಮನಿಗೆ ಕೈ ಬಿಡುವಾಗುವ ತನಕ ಅವರು ಕಾಯಬೇಕು. ಹಂಗಿಲ್ಲದ ಬದುಕು ಎಂದು ನಾನು ಹೊಗಳುತ್ತಿದ್ದದ್ದರ ತಳದಲ್ಲಿ ಇಷ್ಟು ಜನರ ಹಂಗು ಕೂತಿತ್ತು. ಅಲ್ಲಿಗೆ ದೀಪ ಇಳಿಸಲು ನನಗೆ ನಲವತ್ತು ವರ್ಷ ಬೇಕಾಯಿತು.

ನಮ್ಮೂರಿಗೆ ಕೂಗಳತೆ ದೂರದ ವೈಟ್‌ಫೀಲ್ಡ್‌ನ ಕತೆಯೂ ಹೀಗೆಯೇ ಶುರುವಾದದ್ದು. ಡಿ.ಎಸ್. ವೈಟ್ ಎಂಬುವರ ಮುಂದಾಳತ್ವದಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘದವರು ಭೂಮಿ ಕೇಳಿದಾಗ ಮಹಾರಾಜ ಚಾಮರಾಜ ಒಡೆಯರು 3,900 ಎಕರೆ ಕೊಟ್ಟರು. ಸರ್ಕಾರಿ ನೌಕರಿ ನೆಚ್ಚದೆ, ಉತ್ತು ಬಿತ್ತು, ತಮ್ಮ ಕಾಲ ಮೇಲೆ ತಾವು ನಿಲ್ಲಬೇಕೆಂದು 1882ರಲ್ಲಿ ಕಟ್ಟಿಕೊಂಡ ಊರದು. ನಾನು ಕಾಣುವ ಹೊತ್ತಿಗೆ ಅದು ಹೆಂಚಿನ ಬಂಗಲೆಗಳ, ನಿವೃತ್ತರ, ನಿದ್ದೆಗಣ್ಣಿನ ಊರು. ಇನ್ನರ್ ಸರ್ಕಲ್‌ನ ಮನೆಗಳಿಗೆ ಹಾಲು, ಸೊಪ್ಪು, ಆಳು ಎಲ್ಲವೂ ಸುತ್ತಲ ಹಳ್ಳಿಗಳಿಂದಲೇ ಹೋಗುತ್ತಿದ್ದವು. ಅಲ್ಲಿ ಹಾಲು ಹಾಕಿ ಬರುತ್ತಿದ್ದ ನಮ್ಮ ಚಿಕ್ಕಪ್ಪ ಒಂದು ದಿನ ಜ್ವರ ಬಂದು ಮಲಗಿದರೆ ಮರುದಿನ ಮೂರು ಮನೆಯವರು ಹುಡುಕಿಕೊಂಡು ಬರುತ್ತಿದ್ದರು.

1983ರಲ್ಲಿ ನಾನು ಮಹದೇವಪುರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಸ್ಟೋರ್ಸ್ ಗುಮಾಸ್ತನಾಗಿ ಸೇರಿದೆ. ಸೇರಿದ ಮೊದಲ ವಾರವೇ ಅಲ್ಲಿನ ಸ್ಟೋರ್‌ಕೀಪರ್, ಬಾಯಲ್ಲಿ ಸದಾ ಎಲೆಯಡಿಕೆ ಇರುತ್ತಿದ್ದ ಹಿರಿಯರು, ನನ್ನನ್ನು ಬೇರಿಂಗ್‌ಗಳ ಕಪಾಟಿನ ಮುಂದೆ ನಿಲ್ಲಿಸಿದರು. ಪ್ರತಿ ಡಬ್ಬಿಗೂ ಒಂದು ಕಾರ್ಡು. ಕಾರ್ಡಿನ ಮೂಲೆಯಲ್ಲಿ ಕೆಂಪು ಶಾಯಿಯ ಸಂಖ್ಯೆ. ದಾಸ್ತಾನು ಅಲ್ಲಿಗಿಳಿದ ತಕ್ಷಣ ಹೊಸದಕ್ಕೆ ಬರೆಯಬೇಕು. "ಕಾರ್ಡು ನಲವತ್ತು ಅಂತ ಹೇಳಿದ್ರೆ ನಂಬಬೇಡ. ಕೈ ಹಾಕಿ ಎಣಿಸು. ಮೆಷಿನ್ ನಿಂತಾಗ ಕಾರ್ಡನ್ನ ಶಾಫ್ಟಿಗೆ ಹಾಕೋಕಾಗಲ್ಲ," ಎಂದರು. ಅಜ್ಜಿ ಬುರುಡೆ ಅಲ್ಲಾಡಿಸಿ ಎಣ್ಣೆಯ ಸದ್ದು ಕೇಳುತ್ತಿದ್ದದ್ದು ನೆನಪಾಗಿತ್ತು.

ಹತ್ತು ಹನ್ನೆರಡು ವರ್ಷದಲ್ಲಿ ಗಾಳಿ ಬದಲಾಯಿತು. ದಾಸ್ತಾನು ಇಡುವುದೆಂದರೆ ದುಡ್ಡು ಮಲಗಿಸಿದಂತೆ, ಬೇಕಾದಾಗ ಬೇಕಾದಷ್ಟೇ ಬರಬೇಕು ಎಂಬ ಜಪಾನಿನ ಪಾಠ ನಮ್ಮಲ್ಲಿಗೂ ಬಂತು. ಜಸ್ಟ್ ಇನ್ ಟೈಮ್. ಕೆಂಪು ಶಾಯಿಯ ಸಂಖ್ಯೆಗಳನ್ನು ಒಂದೊಂದಾಗಿ ಇಳಿಸಿದವನು ನಾನೇ. ಕಪಾಟು ಖಾಲಿಯಾದಷ್ಟೂ ಶಭಾಷ್‌ಗಿರಿ. ಅದೇ ಪಾಠವನ್ನು ಮನೆಗೂ ತಂದೆ. ವೈಟ್‌ಫೀಲ್ಡ್ ಕಡೆ ಐ.ಟಿ.ಪಿ.ಎಲ್. ಕಟ್ಟಡಗಳು ಏಳುತ್ತಿದ್ದ ಆ ತೊಂಬತ್ತರ ದಶಕದಲ್ಲಿ ಹೊಲ ಮಾರಿದೆವು. ಹೊಲವೇ ಇಲ್ಲದ ಮೇಲೆ ಹಗೇವು ಯಾಕೆ? ಎರಡು ಲೋಡು ಮಣ್ಣು ಸುರಿಸಿ ಮುಚ್ಚಿ, ಮೇಲೆ ಬಾಡಿಗೆಗೆ ಎರಡು ಕೋಣೆ ಕಟ್ಟಿಸಿದೆ. ಬಾವಿಗೆ ಚಪ್ಪಡಿ ಹಾಕಿ, ಒಂದು ಮೂಲೆಯಲ್ಲಿ ತೂತು ಬಿಟ್ಟು, ಮನೆಯ ಕಸವನ್ನೆಲ್ಲ ಅದರೊಳಗೆ ಹಾಕಿಸಿದೆ. ಬೋರ್‌ವೆಲ್ ಇತ್ತಲ್ಲ. ಇದನ್ನು ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಆದಾಗ ನಮ್ಮ ಮಹದೇವಪುರ ನಗರಸಭೆಯೂ ಅದರಲ್ಲಿ ಕರಗಿತು. ಇನ್ನು ಎಲ್ಲವೂ ನಲ್ಲಿಯಲ್ಲಿ ಬರುತ್ತದೆ ಎಂದುಕೊಂಡೆವು. 2009ರಲ್ಲಿ ಮಳೆನೀರು ಸಂಗ್ರಹ ಕಡ್ಡಾಯ ಎಂದಾಯಿತು. 60x40 ಅಳತೆಯ ಹಳೇ ಮನೆಗಳವರು ಮಾಡಲೇಬೇಕಿತ್ತು. ನಮ್ಮ ಸೈಟು ಅದಕ್ಕಿಂತ ಚಿಕ್ಕದು. ಬಚಾವಾದೆ ಎಂದು ಖುಷಿಪಟ್ಟೆ!

2022ರ ಸೆಪ್ಟೆಂಬರ್ 4ರ ರಾತ್ರಿ ಹಿಡಿದ ಮಳೆ ಬೆಳಗಾಗುವಷ್ಟರಲ್ಲಿ 130 ಮಿಲಿಮೀಟರ್ ಮೀರಿತ್ತು. ನಮ್ಮ ಬೀದಿ ಸ್ವಲ್ಪ ಎತ್ತರ, ಮನೆಗೆ ನೀರು ನುಗ್ಗಲಿಲ್ಲ. ಹೊರವರ್ತುಲ ರಸ್ತೆ ಕೆರೆಯಾಗಿತ್ತು. ಸರ್ಜಾಪುರ ರಸ್ತೆಯ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಕರೆತಂದರು. ನಾವು ಹೊಲದ ಜೊತೆ ಮಾರಿದ್ದ ಟ್ರ್ಯಾಕ್ಟರ್! ಲ್ಯಾಪ್‌ಟಾಪ್ ಚೀಲ ಎದೆಗವಚಿಕೊಂಡು ಟ್ರೇಲರಿನಲ್ಲಿ ನಿಂತವರನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದೇ ಮಳೆ ನೂರು ಕಿಲೋಮೀಟರ್ ಆಚೆ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರೆತ್ತುವ ಪಂಪ್‌ಹೌಸನ್ನೂ ಮುಳುಗಿಸಿತ್ತು. ಊರ ತುಂಬ ನೀರು, ಕುಡಿಯಲು ನೀರಿಲ್ಲ. ನಮ್ಮ ಬೀದಿಯಲ್ಲಿ ಕರೆಂಟು ಹೋಯಿತು, ಬೋರ್‌ವೆಲ್ ಮೋಟರು ಸುಮ್ಮನಾಯಿತು, ಫೋನು ಸಾಯತೊಡಗಿತು. ಹತ್ತು ನಿಮಿಷದ ಆ್ಯಪ್ "ಕ್ಷಮಿಸಿ" ಅಂದಿತು. ನಮ್ಮ ಅಡುಗೆ ಮನೆಯಲ್ಲಿ ಒಂದೂವರೆ ದಿನದ ಅಕ್ಕಿ ಇತ್ತು. ಮೂವತ್ತು ವರ್ಷ ಸ್ಟೋರ್ಸ್ ನೋಡಿಕೊಂಡವನ ಮನೆಯದು.

ಎರಡನೇ ದಿನ ಸಂಜೆ ಬಾಗಿಲು ತಟ್ಟಿ ಅರ್ಧ ಬಿಂದಿಗೆ ನೀರು, ಒಂದು ಸೇರು ಅವಲಕ್ಕಿ ಕೊಟ್ಟು ಹೋದವಳು ಪಕ್ಕದ ಖಾಲಿ ಸೈಟಿನ ತಗಡಿನ ಶೆಡ್ಡಿನವಳು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ನಾಲ್ಕು ಸಂಸಾರ ಅಲ್ಲಿದ್ದವು. ಅವರಲ್ಲಿ ನೀರು ಹೇಗೆ ಉಳಿದಿತ್ತು? ನಲ್ಲಿ ಎಂದೂ ನಂಬಿಕೆ ಕೊಡದ ಜನ. ಸಿಕ್ಕಾಗ ಸಿಕ್ಕಷ್ಟು ಬಣ್ಣದ ಡ್ರಮ್ಮುಗಳಲ್ಲಿ ತುಂಬಿಡುವುದು ಅವರಿಗೆ ದಿನದ ಕೆಲಸ. ಅವರ ಪಾಲಿಗೆ ಯಾವ ದಿನ ತುರ್ತಿನ ದಿನವಲ್ಲ?

ಅಷ್ಟಾದರೂ ನನಗೆ ಬುದ್ಧಿ ಬಂದದ್ದು 2024ರ ಬೇಸಿಗೆಯಲ್ಲಿ. ನಗರದ 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ನಮ್ಮದೂ ಬತ್ತಿತು. ಕಾರು ತೊಳೆದರೆ, ಗಿಡಕ್ಕೆ ಕುಡಿಯುವ ನೀರು ಬಿಟ್ಟರೆ 5,000 ರೂಪಾಯಿ ದಂಡ. ಐದು ಕಿಲೋಮೀಟರ್ ಒಳಗಾದರೆ 12,000 ಲೀಟರ್ ಟ್ಯಾಂಕರಿಗೆ ಸಾವಿರ ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಿತು. ಒಂದು ದಿನ ಟ್ಯಾಂಕರಿನ ಹುಡುಗನನ್ನು ಎಲ್ಲಿಂದ ತರ್ತೀಯಪ್ಪ ಎಂದು ಕೇಳಿದೆ. ಹೊಸಕೋಟೆ ದಾಟಿ ಒಂದು ಹಳ್ಳಿಯ ಹೆಸರು ಹೇಳಿ, "ಅಲ್ಲೂ ಇನ್ನೆಷ್ಟು ದಿನವೋ, ಊರವರು ಗಲಾಟೆ ಶುರು ಮಾಡವ್ರೆ," ಎಂದ. ನಮ್ಮ ಸಂಪು ತುಂಬುತ್ತಿದ್ದದ್ದು ಯಾರದೋ ಹಗೇವು ತೆಗೆದು.

ಅಂದು ರಾತ್ರಿ ಸ್ಟೋರ್ಸ್ ಗುಮಾಸ್ತನ ಹಾಗೆ ಲೆಕ್ಕ ಹಾಕಿದೆ. ನಮ್ಮ ಮಾಳಿಗೆ ಸಾವಿರ ಚದರಡಿ. ಬೆಂಗಳೂರಿನಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 970 ಮಿಲಿಮೀಟರ್ ಮಳೆ. ಅಲ್ಲಿಗೆ ತೊಂಬತ್ತು ಸಾವಿರ ಲೀಟರ್. ಕಾಲುಭಾಗ ಸೋರಿಹೋಯಿತೆಂದರೂ ಐದಾರು ಟ್ಯಾಂಕರ್ ನೀರು ವರ್ಷಾ ವರ್ಷ ಸೂರಿನಿಂದ ಚರಂಡಿಗೆ ಹೋಗುತ್ತಿತ್ತು.

ಬಾವಿ ತೆರೆಸಲು ಸರ್ಜಾಪುರದ ಕಡೆಯಿಂದ ಮಣ್ಣು ವಡ್ಡರು ಬಂದರು. ತಲೆತಲಾಂತರದಿಂದ ಬಾವಿ ತೋಡುವವರು. ಬೋರ್‌ವೆಲ್ ಬಂದು ಕೆಲಸ ಕಳೆದುಕೊಂಡಿದ್ದವರಿಗೆ ಈಗ ಇಂಗುಬಾವಿ ತೋಡಲು ಮತ್ತೆ ಕರೆ ಬರುತ್ತಿದೆ. ಚಪ್ಪಡಿ ಸರಿಸಿದ್ದೇ ತಡ, ಗುಂಪಿನಲ್ಲಿದ್ದ ಇಪ್ಪತ್ತೈದರ ಹುಡುಗ ಒಂದು ಬಕೆಟಿನಲ್ಲಿ ಮೇಣದಬತ್ತಿ ನಿಲ್ಲಿಸಿ, ಹಚ್ಚಿ, ಹಗ್ಗ ಬಿಟ್ಟ. ನನ್ನ ಎದೆ ಹೊಡೆದುಕೊಂಡಿತು. ಅರ್ಧದಲ್ಲಿ ಆರಿತು. ಅವರು ಬೀಡಿ ಹಚ್ಚಿಕೊಂಡು ಕೂತರು. ಸೊಪ್ಪಿನ ಬದಲು ಬ್ಲೋವರ್ ತಂದಿದ್ದರು. ಮಧ್ಯಾಹ್ನ ಮತ್ತೆ ಬಿಟ್ಟಾಗ ತಳದಲ್ಲಿ ಹಳದಿ ಚುಕ್ಕೆ ಅಲ್ಲಾಡದೆ ನಿಂತಿತು. ಯಾರೂ ಹೇಳಿಕೊಡದೆ ಅಜ್ಜಿಯ ಮಾತು ಅವನಿಗೆ ಗೊತ್ತಿತ್ತು. ಅಥವಾ ಅಜ್ಜಿಗೆ ಅವರಜ್ಜಂದಿರೇ ಹೇಳಿಕೊಟ್ಟಿದ್ದರೇನೋ. ಹಗೇವು ತೋಡಿದವರೂ ಅವರೇ ಇರಬೇಕು.

ಮೂರು ದಿನ ಕಸ ಎತ್ತಿದರು. ಪ್ಲಾಸ್ಟಿಕ್ಕು, ಟ್ಯೂಬ್‌ಲೈಟು, ಮಗನ ಬಾಲ್ಯದ ಸೈಕಲ್ಲಿನ ಚಕ್ರ. ಒಂದು ತಗಡಿನ ಡಬ್ಬಿಯೂ ಬಂತು. ನಾನು ಕಾರ್ಖಾನೆಯಿಂದ ಮನೆಗೆ ತಂದಿದ್ದ, ಕೆಂಪು ಸಂಖ್ಯೆಯ ಕಾರ್ಡು ಅಂಟಿಸುವ ಡಬ್ಬಿ. ಮೂವತ್ತೈದು ಅಡಿಗೆ ತಳ ಸಿಕ್ಕಿತು. ಮಾಳಿಗೆಯ ಕೊಳವೆಯನ್ನು ಜಲ್ಲಿ ಮರಳಿನ ಸೋಸುತೊಟ್ಟಿಯ ಮೂಲಕ ಬಾವಿಗೆ ತಿರುಗಿಸಿದೆವು. ಆ ವರ್ಷದ ಹಿಂಗಾರು ಮುಗಿಯುವಾಗ ಎಂಟಡಿ ನೀರು ನಿಂತಿತ್ತು. ಪರೀಕ್ಷೆಗೆ ಕಳಿಸಿದರೆ ಕುಡಿಯಲು ಆಗದು ಎಂದು ಬಂತು. ಇಷ್ಟು ವರ್ಷ ಸುರಿದ ಕಸ ಅಷ್ಟು ಬೇಗ ಮರೆಯುತ್ತದೆಯೇ? ತೊಳೆಯಲು, ಬಳಿಯಲು, ಸ್ನಾನಕ್ಕೆ ಸಾಕು. ಅದೇ ಅಕ್ಟೋಬರ್ 16ರಂದು 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್. ಒಳ್ಳೆಯದೇ. ಇರೋ ತನಕ ಐತೆ.

ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿ, ಮಕ್ಕಳು ಇಳಿದಾರೆಂದು ಬೀಗ ಹಾಕಿದೆ. ಬೀಗದ ಜೊತೆ ಎರಡು ಕೈ ಬಂದಿದ್ದವು. ಒಂದು ನಮ್ಮ ಮೊಳೆಯಲ್ಲಿ. ಇನ್ನೊಂದನ್ನು ಶೆಡ್ಡಿನ ಆ ಹೆಂಗಸಿನ ಕೈಗೆ ಕೊಟ್ಟೆ. "ನಮ್ಮನ್ನ ಕಾಯಬೇಡಿ, ಬೇಕಾದಾಗ ಸೇದ್ಕೊಳ್ಳಿ," ಎಂದೆ. ಹೇಳುವಾಗ ಕೇರಿಯ ಕೊಡಗಳ ಸಾಲು ಕಣ್ಣ ಮುಂದೆ ಇತ್ತು. ನನ್ನ ದೊಡ್ಡತನಕ್ಕೆ ನಾನೇ ಕರಗಿದೆ ಎಂದರೂ ತಪ್ಪಿಲ್ಲ.

ಕೆಂಪು ಚೀಲಕ್ಕೆ ಸೆಲ್ ತಂದು ಹಾಕಿದ್ದೇನೆ. ಪ್ರತಿ ಒಂದನೇ ತಾರೀಖು ಟಾರ್ಚು ಒತ್ತಿ ನೋಡುತ್ತೇನೆ, ಅಕ್ಕಿ ಡಬ್ಬಿಗೆ ಕೈ ಹಾಕಿ ನೋಡುತ್ತೇನೆ. ಬಾವಿಯಿಂದ ಬಂದ ಆ ತಗಡಿನ ಡಬ್ಬಿಗೆ ಕೆಂಪು ಶಾಯಿಯಲ್ಲಿ ಸಂಖ್ಯೆ ಬರೆದು, ಮಾತ್ರೆಗಳನ್ನು ಹಾಕಿಟ್ಟಿದ್ದೇನೆ. ಮಗ ನಗುತ್ತಾನೆ, ನಗಲಿ.

ಮೊನ್ನೆ ಬೆಳಗಿನ ಜಾವ ರಾಟೆಯ ಸದ್ದಿಗೆ ಎಚ್ಚರವಾಯಿತು. ಕಿಟಕಿಯಿಂದ ನೋಡಿದೆ. ಶೆಡ್ಡಿನವರು ಯಾರನ್ನೂ ಕೇಳದೆ, ನಮ್ಮ ಕಡೆ ತಿರುಗಿಯೂ ನೋಡದೆ, ಮಾತಾಡಿಕೊಂಡು ನೀರು ಸೇದುತ್ತಿದ್ದರು. ನಾನೇ ಕೊಟ್ಟ ಕೈ. ಆದರೂ ಒಳಗೆಲ್ಲೋ ಸಣ್ಣಗೆ ಚುಚ್ಚಿತು: ಒಂದು ಮಾತು ಹೇಳಬಹುದಿತ್ತಲ್ಲ! ಹಾಸಿಗೆಯ ಮೇಲೆ ಹಾಗೇ ಕೂತೆ. ಕೊಳಗ ಹಿಡಿದು ಅಂಗಳದಲ್ಲಿ ಅಜ್ಜಿ ಕೂರುತ್ತಿದ್ದದ್ದೂ ಹೀಗೆಯೇ ಇರಬೇಕು. ರಾಟೆ ಇನ್ನೂ ಎಂಟು ಹತ್ತು ಸಲ ಕಿರುಗುಟ್ಟಿತು. ಆಮೇಲೆ ಜಾಲರಿ ಮುಚ್ಚಿದ ಸದ್ದು, ಬೀಗ ಬಿದ್ದ ಸದ್ದು.